ನಾಲ್ಕನೇ ಕೋಣೆಯ ಪೈಲಟ್

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಮೂವತ್ತೊಂದು ವರ್ಷ ಕೋಲ್ಡ್ ಸ್ಟೋರೇಜಿನಲ್ಲಿ ದುಡಿದರು. ಗೂಡ್ಸ್ ರೈಲು ನಿಲ್ಲುವ ಜಾಗದ ಹಿಂದೆ ಕಿಟಕಿಯೇ ಇಲ್ಲದ ಉದ್ದನೆಯ ಕಟ್ಟಡ ಅದು. ಒಳಗೊಂದು ಓಣಿ, ಓಣಿಯ ಎರಡೂ ಕಡೆ ಸೇರಿ ಆರು ಕೋಣೆ. ಸೇಬು, ಆಲೂಗಡ್ಡೆ, ಮೊಟ್ಟೆ ಇಡುವ ಕೋಣೆಗಳಲ್ಲಿ ಚಳಿ ಅಂದರೆ ಕಿವಿ ತಣ್ಣಗಾಗುವಷ್ಟು ಮಾತ್ರ. ನಾಲ್ಕನೇ ಕೋಣೆ ಬೇರೆ. ಅಲ್ಲಿ ಮೀನು, ಬಟಾಣಿ, ಐಸ್‌ಕ್ರೀಮು. ಮೈನಸ್ ಇಪ್ಪತ್ತೆರಡು ಡಿಗ್ರಿ. ನಾನು ಒಮ್ಮೆ ಒಳಗೆ ಹೋಗಿ ನೋಡಿದ್ದೇನೆ. ಎರಡನೇ ಉಸಿರಿಗೇ ಮೂಗಿನ ಕೂದಲು ಮುಳ್ಳಾಯಿತು. ಐದು ನಿಮಿಷ ಹಲ್ಲು ಕಚ್ಚಿ ನಿಂತು ಹೊರಗೆ ಓಡಿ ಬಂದೆ.

ಭಾವ ಆ ಕೋಣೆಯ ಉಸ್ತುವಾರಿ. ಗಂಟೆಗೊಂದು ಸಲ ಒಳಗೆ ಹೋಗಿ ಥರ್ಮಾಮೀಟರ್ ನೋಡಿ ಬರೆಯಬೇಕು. ಬಾಗಿಲಿನ ರಬ್ಬರು ಎಲ್ಲಾದರೂ ಸೀಳಿದೆಯೇ ಅಂತ ಕೈಯಾಡಿಸಿ ನೋಡಬೇಕು. ಫ್ಯಾನುಗಳ ಹಿಂದಿನ ಕೊಳವೆಗಳ ಮೇಲೆ ಹಿಮ ದಪ್ಪಗೆ ಕೂತರೆ ಕೆರೆಯಬೇಕು. ಲಾರಿ ಬಂದರೆ ಪೆಟ್ಟಿಗೆಗಳ ಹಿಂದೆ ಮುಂದೆ ಓಡಾಡಬೇಕು. ಒಳಗಿಂದ ಹೊರಗೆ ಬಂದರೆ ಸಿಮೆಂಟಿನ ಕಟ್ಟೆಯ ಮೇಲೆ ಉರಿಬಿಸಿಲು. ದಿನಕ್ಕೆ ಇಪ್ಪತ್ತು ಸಲ ಚಳಿಗಾಲ, ಇಪ್ಪತ್ತು ಸಲ ಬೇಸಿಗೆ. "ನನಗೆ ವಯಸ್ಸು ಬೇರೆಯವರಿಗಿಂತ ಬೇಗ ಆಗುತ್ತೆ ಕಣೋ, ಋತುಗಳ ಲೆಕ್ಕ ನೋಡಿದ್ರೆ ನಾನು ನಮ್ಮಜ್ಜನಿಗಿಂತ ದೊಡ್ಡವನು," ಅನ್ನುತ್ತಿದ್ದರು.

ಕಂಪನಿ ಹನ್ನೊಂದು ಜನರಿಗೆ ಮೂರು ಹತ್ತಿ ತುಂಬಿದ ಕೋಟು ಕೊಟ್ಟಿತ್ತು. ಒಬ್ಬರು ಬಿಚ್ಚಿದ್ದನ್ನು ಇನ್ನೊಬ್ಬರು ತೊಡಬೇಕು. ಹಿಂದಿನವರ ಬೆವರು ಆರಿರುತ್ತಿರಲಿಲ್ಲ. ಆ ಒದ್ದೆಯೇ ಒಳಗೆ ಹೋದ ಮೇಲೆ ಬೆನ್ನಿಗೆ ಐಸಿನ ಹಲಗೆಯಾಗುತ್ತಿತ್ತು. ಜಿಪ್ಪುಗಳಂತೂ ಯಾವ ಕಾಲದಲ್ಲೋ ಕೈಕೊಟ್ಟಿದ್ದವು. ಸೊಂಟಕ್ಕೆ ಸೆಣಬಿನ ಹುರಿ ಕಟ್ಟಿಕೊಂಡು ಒಳಗೆ ಹೋಗುತ್ತಿದ್ದರು.

ಭಾವನಿಗೆ ಆಗ ಮೂವತ್ತೆರಡೋ ಮೂವತ್ತಮೂರೋ. ಒಂದು ಭಾನುವಾರ ಬಸ್ ನಿಲ್ದಾಣದ ಹತ್ತಿರ ಹಳೆಬಟ್ಟೆ ರಾಶಿ ಹಾಕಿ ಮಾರುವವರ ಮುಂದೆ ಹಾಯುತ್ತಿದ್ದಾಗ ಒಂದು ಜಾಕೆಟ್ ಕಣ್ಣಿಗೆ ಬಿತ್ತು. ಹೊರಗೆ ಕಂದು ಚರ್ಮ, ಒಳಗೆಲ್ಲ ಕುರಿಯ ಉಣ್ಣೆ, ಕುತ್ತಿಗೆಯ ಹತ್ತಿರ ಬಿಗಿಯಲು ಎರಡು ಪಟ್ಟಿ. ಎತ್ತಿದರೆ ಒದ್ದೆ ಗೋಣಿಚೀಲದಷ್ಟು ಭಾರ.

"ಯುದ್ಧದ ಕಾಲದ್ದು ಸಾರ್. ವಿಮಾನದವರು ಹಾಕ್ತಿದ್ದದ್ದು," ಅಂದ ಮಾರುವವನು.

ಭಾವ ಯುದ್ಧದ ಬಗ್ಗೆ ಕೇಳಲಿಲ್ಲ, ಬೆಚ್ಚಗಿರುತ್ತದೆಯೇ ಅಂತ ಕೇಳಿದರು. ಮಾರನೇ ದಿನ ಅದನ್ನು ತೊಟ್ಟು ನಾಲ್ಕನೇ ಕೋಣೆಗೆ ಹೋದರು. ಹೊರಗೆ ಬಂದಾಗ ಕಟ್ಟೆಯ ಮೇಲಿದ್ದ ಹಮಾಲರೆಲ್ಲ ಒಟ್ಟಿಗೆ ಕೈಯೆತ್ತಿ ಸೆಲ್ಯೂಟ್ ಹೊಡೆದರಂತೆ. ಅವತ್ತಿನಿಂದ ಅವರ ಹೆಸರು ಪೈಲಟ್. ಲಾರಿಯವರು, ಮ್ಯಾನೇಜರ್, ಎಲ್ಲರೂ ಹಾಗೇ ಕರೆದರು. ಕೊನೆಗೆ ಕ್ಯಾಂಟೀನಿನ ಹೆಂಗಸು ಕೂಡ, "ಪೈಲಟಿಗೆ ಒಂದು ಚಹಾ," ಅನ್ನುತ್ತಿದ್ದಳು. ಭಾವ ಬೇಡ ಅನ್ನಲಿಲ್ಲ. "ಹುರಿ ಕಟ್ಕೊಂಡು ಓಡಾಡ್ತಿದ್ದಾಗ ಏನಂತ ಕರೀತಿದ್ರು ಅಂತ ನಿನಗೆ ಗೊತ್ತಿಲ್ಲ," ಅಂದರು ನನಗೆ.

ಎರಡು ತಿಂಗಳಿಗೆ ಜಾಕೆಟ್ಟಿನ ಜಿಪ್ಪು ಹೋಯಿತು. ನಮ್ಮ ಬೀದಿಯ ಕೊನೆಯಲ್ಲಿ ಬ್ಯಾಗು ಸೂಟ್‌ಕೇಸು ರಿಪೇರಿ ಮಾಡುವ ಒಬ್ಬರಿದ್ದರು. ರಿಪೇರಿಗಿಂತ ಪಾಠ ಜಾಸ್ತಿ ಮಾಡುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವರು ಚೀಲದ ಮೇಷ್ಟ್ರು. ಮೇಷ್ಟ್ರು ಜಾಕೆಟ್ಟನ್ನು ತಿರುಗಿಸಿ ಮುರುಗಿಸಿ ನೋಡಿ, ಹೊಲಿಗೆಯ ದಾರವನ್ನು ಉಗುರಿನಿಂದ ಮೀಟಿದರು.

"ಯುದ್ಧದ್ದು ಅಂತ ಹೇಳಿದ್ರಾ? ಸುಳ್ಳು. ಇದು ನೈಲಾನ್ ಕಣ್ರೀ. ಆಗ ಹತ್ತಿ ದಾರ ಹಾಕ್ತಿದ್ರು. ಇದು ನಕಲು."

ಭಾವನ ಮುಖ ಸಣ್ಣದಾಯಿತು. ಅದನ್ನು ಕಂಡು ಮೇಷ್ಟ್ರು, "ಆದ್ರೆ ಕಳ್ಳ ನಕಲು ಅಲ್ಲ," ಅಂದರು. "ಯಾರೋ ಹಳೇದನ್ನ ಎದುರಿಗೆ ಇಟ್ಕೊಂಡು, ಅಳತೆ ತಗೊಂಡು, ಹಾಗೇ ಮಾಡ್ಬೇಕು ಅಂತ ಮಾಡಿರೋದು. ಒಳಗಿನ ಚೀಟಿ ನೋಡಿ, ಅದನ್ನೂ ಬಿಟ್ಟಿಲ್ಲ. ಇಷ್ಟೆಲ್ಲ ಮಾಡಿ ದಾರದಲ್ಲಿ ಎಡವಿದಾನೆ ಪಾಪ."

ಆ ಮಾತು ಭಾವನ ತಲೆಯೊಳಗೆ ಹೊಕ್ಕು ಕೂತಿತು. ಹಳೆಯದೊಂದು ಬಟ್ಟೆಯನ್ನು ಎದುರಿಗಿಟ್ಟುಕೊಂಡು, ಅದು ಹೇಗಿತ್ತೋ ಹಾಗೇ ಮಾಡಬೇಕೆಂದು ಯಾರೋ ಕೂತಿದ್ದಾರೆ. ದಾರ ತಪ್ಪಿದರೆ ಅದನ್ನು ಗುರುತಿಸುವವರೂ ಇದ್ದಾರೆ. ಹೀಗೊಂದು ಲೋಕ ಇದೆ ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ. ನಾನು ಹೈಸ್ಕೂಲಿನಲ್ಲಿ ಲ್ಯಾಬ್ ಅಟೆಂಡರ್. ಶಾಲೆಗೆ ಇಂಟರ್ನೆಟ್ ಬಂದ ಮೇಲೆ ಭಾವ ರಜೆಯ ದಿನ ನನ್ನ ಹಿಂದೆ ಬಿದ್ದರು. ನಾನು ಹುಡುಕಿ ಕೊಡುವುದು, ಅವರು ಕನ್ನಡಕ ಏರಿಸಿ ಪರದೆಗೆ ಮೂಗು ತಾಗಿಸಿ ನೋಡುವುದು. ಹಾಗೆ ಗೊತ್ತಾಯಿತು: ಅವರಲ್ಲಿ ಇದ್ದದ್ದಕ್ಕೆ ಬಿ-ತ್ರೀ ಅನ್ನುತ್ತಾರೆ, ತುಂಬಾ ಎತ್ತರಕ್ಕೆ ಹೋಗುವ ಬಾಂಬರ್ ವಿಮಾನದವರದ್ದು. ಅದಕ್ಕಿಂತ ಹಗುರದ್ದು ಎ-ಟೂ, ಕುದುರೆ ಚರ್ಮದ್ದು, ಮುಂಗೈಗೂ ಸೊಂಟಕ್ಕೂ ಉಣ್ಣೆಯ ಹೆಣಿಗೆ, ಬೆನ್ನಿಗೆ ಜೋಡಣೆಯಿಲ್ಲದ ಒಂದೇ ಅಗಲ ತುಂಡು. ತುಪ್ಪಳದ ಕಾಲರಿನದು ನೌಕಾಪಡೆಯ ವಿಮಾನದವರದ್ದು, ಅದು ಆಡಿನ ಚರ್ಮ. ನಕಲು ಮಾಡುವವರು ಐದಾರು ದೇಶಗಳಲ್ಲಿದ್ದಾರೆ. ಒಬ್ಬೊಬ್ಬರು ಒಂದೊಂದು ಹಳೆಯ ಕಾರ್ಖಾನೆಯ ಜಾಕೆಟ್ಟನ್ನೇ ಹಿಡಿದು ಜೀವನ ಕಳೆಯುತ್ತಾರೆ.

ದುಡ್ಡು ಕೂಡಿಸಿ ಎರಡನೆಯ ಜಾಕೆಟ್ ತರಿಸಲು ನಾಲ್ಕು ವರ್ಷ ಹಿಡಿಯಿತು. ಆಮೇಲೆ ಎರಡು ವರ್ಷಕ್ಕೊಂದರಂತೆ ಬಂದವು. ಪ್ರತಿ ಸಲ ಮಾಡುವವರಿಗೆ ಅಳತೆ ಕಳಿಸಬೇಕಿತ್ತು, ತೆಗೆಯುವವಳು ಅಕ್ಕ. ಅಕ್ಕ ಮನೆಯಲ್ಲೇ ಶಾಲೆಗಳ ಯೂನಿಫಾರಂ ಹೊಲಿಯುತ್ತಿದ್ದಳು. ಜೂನ್ ಬಂತೆಂದರೆ ನಡುಮನೆಯ ತುಂಬ ನೀಲಿ ಚಡ್ಡಿಗಳು. ಕಾಲಿಡಲು ಜಾಗ ಇರುತ್ತಿರಲಿಲ್ಲ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಗಂಡನ ಭುಜಕ್ಕೆ ಟೇಪು ಹಿಡಿದು, "ಹತ್ತೊಂಬತ್ತು. ಹೋದ ಸಲ ಹದಿನೆಂಟೂವರೆ ಇತ್ತು. ಎದೆ ನಲವತ್ತೊಂದು. ಹೊಟ್ಟೆ ಬರೀಲಾ ಬೇಡ್ವಾ?" ಅನ್ನುತ್ತಿದ್ದಳು.

"ಬರಿ. ಸುಳ್ಳು ಹೇಳಿದ್ರೆ ಜಿಪ್ಪು ಹೇಳುತ್ತೆ."

ಒಟ್ಟು ಒಂಬತ್ತಾದವು. ಅಕ್ಕನ ಬೀರುವಿನಲ್ಲಿ ಜಾಗ ಸಾಲದೆ ಮಲಗುವ ಕೋಣೆಯ ಗೋಡೆಗೆ ಕಬ್ಬಿಣದ ಸಲಾಕೆ ಹೊಡೆಸಿದರು. ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ದಿನ ಬಿಟ್ಟು ದಿನ ಒಣಬಟ್ಟೆಯಲ್ಲಿ ಒರೆಸುವುದು, ಮರದ ದಪ್ಪ ಹ್ಯಾಂಗರಿಗೆ ಹಾಕುವುದು, ಫ್ಯಾನಿನ ಗಾಳಿ ತಾಗಿಸುವುದು. ಅಕ್ಕ ನನ್ನ ಹತ್ತಿರ ಒಮ್ಮೆ ಹೇಳಿದಳು: "ಈ ಮನೇಲಿ ನಾವಿಬ್ರೇ ಅಂತ ಜನ ಅಂದ್ಕೊಂಡಿದಾರೆ. ಒಂಬತ್ತು ಜನ ಗಂಡಸರು ಗೋಡೆಗೆ ನೇತಾಡ್ತಿದಾರೆ ನೋಡು. ಒಬ್ಬನಾದ್ರೂ ತರಕಾರಿ ತಂದು ಕೊಡ್ತಾನಾ?"

ಆದರೆ ಭಾವ ಅವನ್ನು ನೋಡಲು ಇಟ್ಟುಕೊಂಡವರಲ್ಲ. ತೊಡದ ಜಾಕೆಟ್ಟಿಗೆ ಮೊಣಕೈ ಬರುವುದಿಲ್ಲ ಅನ್ನುತ್ತಿದ್ದರು. ಹೊಸ ಕುದುರೆ ಚರ್ಮ ಹಲಗೆಯ ಹಾಗಿರುತ್ತದೆ. ಎರಡು ಮೂರು ವರ್ಷ ಮೈಮೇಲಿದ್ದರೆ ಮೊಣಕೈಯಲ್ಲಿ, ಕಂಕುಳಲ್ಲಿ ಮಡಿಕೆ ಬೀಳುತ್ತವೆ. ಆ ಮಡಿಕೆ ತೊಟ್ಟವನದೇ ಹೊರತು ಇನ್ನೊಬ್ಬನದಲ್ಲ. ನಾಲ್ಕನೇ ಕೋಣೆಗೆ ಕುರಿಯ ಉಣ್ಣೆಯದು, ಸೇಬಿನ ಕೋಣೆಗೆ ಆಡಿನದು, ಬಸ್ಸಿಗೆ ಕುದುರೆಯದು. ಬಸ್ಸಿನಲ್ಲಿ ಯಾರಾದರೊಬ್ಬರು ಕೇಳುತ್ತಿದ್ದರು, "ಮಿಲಿಟರೀಲಿ ಇದ್ರಾ ಸಾರ್?"

"ಇಲ್ಲ. ಕೋಲ್ಡ್ ಸ್ಟೋರೇಜು."

"ಮತ್ತೆ ಇದು, ಹಳೇದು?"

"ಹೊಸದು. ಹಳೇದರ ಥರ ಮಾಡಿರೋದು."

ಕೇಳಿದವರಿಗೆ ಇದರಿಂದ ಏನೂ ತಿಳಿಯುತ್ತಿರಲಿಲ್ಲ. ಇಪ್ಪತ್ತು ವರ್ಷ ಇದೇ ನಾಲ್ಕು ಮಾತು ಆಡಿ ಆಡಿ ಭಾವನಿಗೆ ಸುಸ್ತಾಗಿತ್ತು. ಹೌದು ಅಂದುಬಿಟ್ಟರೆ ಕತೆ ಮುಗಿಯುತ್ತದಲ್ಲ ಭಾವ, ಅಂದೆ. "ಹೌದು ಅಂದ್ರೆ ಕತೆ ಶುರುವಾಗುತ್ತೆ. ಯಾವ ವಿಮಾನ, ಯಾವ ಊರು, ಅಂತ. ಇಲ್ಲ ಅಂದ್ರೆ ಕಿಟಕಿ ಕಡೆ ತಿರುಗಬಹುದು," ಅಂದರು. ಒಮ್ಮೆಯಾದರೂ ವಿಮಾನ ಹತ್ತುವ ಆಸೆ ಇಲ್ಲವೇ ಅಂತಲೂ ಕೇಳಿದ್ದೆ. "ಕೂತ್ಕೊಂಡು ಹೋಗೋದಕ್ಕೆ ಅಂಗಿ ಸಾಕು," ಅಂದರು.

ಐವತ್ತನಾಲ್ಕನೇ ವಯಸ್ಸಿನಲ್ಲಿ ಬಲಭುಜ ಹಿಡಿಯಿತು. ಮೊದಲು ತಲೆ ಬಾಚುವಾಗ ಚಳಕು. ಆಮೇಲೆ ಬೆನ್ನು ಉಜ್ಜಿಕೊಳ್ಳಲಾಗದು. ಮೂರು ತಿಂಗಳಲ್ಲಿ ಕೈ ಎದೆಯ ಮಟ್ಟದಿಂದ ಮೇಲೇಳುವುದನ್ನೇ ನಿಲ್ಲಿಸಿತು. ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗಿದ್ದೆ. ಡಾಕ್ಟರು ಕೈಯನ್ನು ಅತ್ತ ಇತ್ತ ಎಳೆದು ನೋಡಿ, "ಫ್ರೋಜನ್ ಶೋಲ್ಡರ್," ಅಂದರು. ನಾನು ಮತ್ತು ಭಾವ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ನಾನು ಕೆಲಸ ಮಾಡೋದು ಫ್ರೀಜರಿನಲ್ಲಿ ಡಾಕ್ಟ್ರೇ," ಅಂದರು ಭಾವ.

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ನಿಮ್ಮ ಶುಗರ್ ನೋಡಿ ಎಷ್ಟಿದೆ. ತಾನಾಗೇ ಬಿಡುತ್ತೆ. ಒಂದು ವರ್ಷ, ಎರಡು ವರ್ಷ. ದಿನಾ ವ್ಯಾಯಾಮ ಮಾಡ್ಬೇಕು. ಭಾರ ಹೊರಬಾರದು."

ಕಟ್ಟೆಯ ಮೇಲೆ ಈ ಸುದ್ದಿ ಒಂದು ವಾರ ಓಡಿತು. ಪೈಲಟನ್ನು ಹೊರಗಿಡಿ, ಕರಗಲಿ ಅಂದರು. ಪೈಲಟಿನ ಮೇಲೆ ತಾರೀಖು ಬರೆದು ಚೀಟಿ ಅಂಟಿಸಿ ಅಂದರು. ಭಾವ ನಕ್ಕರು. ಮನೆಗೆ ಬಂದ ಮೇಲೆ ನಗುವಂಥದ್ದೇನೂ ಇರಲಿಲ್ಲ. ಆ ಜಾಕೆಟ್ಟುಗಳ ಕಂಕುಳ ಸುತ್ತು ಬಹಳ ಬಿಗಿ, ಹಳೆಯವು ಹಾಗೇ ಇದ್ದವಂತೆ. ನಕಲು ಎಷ್ಟು ಸರಿಯಾಗಿದೆಯೋ ತೋಳು ಅಷ್ಟು ಇಕ್ಕಟ್ಟು. ಆರೋಗ್ಯವಂತನೇ ಭುಜ ತಿರುಚಿ ತೂರಬೇಕು. ಭಾವ ಬೆಳಿಗ್ಗೆ ಆರೂವರೆಗೆ ಮಲಗುವ ಕೋಣೆಯಲ್ಲಿ ನಿಂತು, ಒಂದು ತೋಳು ಹಾಕಿಕೊಂಡು ಇನ್ನೊಂದಕ್ಕಾಗಿ ಹಿಂದೆ ತಡಕಾಡುತ್ತಾ, ಬೆವೆತು ಮಂಚದ ಮೇಲೆ ಕೂತುಬಿಡುತ್ತಿದ್ದರು.

ಅಕ್ಕನೇ ದಾರಿ ಕಂಡುಕೊಂಡಳು. ಮೊದಲು ನೋಯುವ ಕೈ. ಜಾಕೆಟ್ಟಿನ ತೋಳನ್ನು ಸುರುಳಿ ಮಾಡಿ ನೆಲದ ಹತ್ತಿರ ಹಿಡಿದು, ಆ ಕೈಯನ್ನು ಕೆಳಗಿನಿಂದ ಒಳಗೆ ಬಿಟ್ಟು, ಭುಜದವರೆಗೆ ಮೆಲ್ಲಗೆ ಏರಿಸುವುದು. ಆಮೇಲೆ ಬೆನ್ನ ಹಿಂದೆ ಸುತ್ತಿ ಎಡಗೈ. ಹತ್ತು ನಿಮಿಷ ಹಿಡಿಯುತ್ತಿತ್ತು. ಬಿಚ್ಚುವಾಗ ಮತ್ತೆ ಹತ್ತು. ನಾನು ಒಂದು ಬೆಳಿಗ್ಗೆ ಅಲ್ಲೇ ಇದ್ದೆ. ಅಕ್ಕ ಮೊಣಕಾಲೂರಿ ಕೂತು ಮುಂಗೈಯ ಹೆಣಿಗೆ ಎಳೆಯುತ್ತಿದ್ದಳು. ಒಲೆಯ ಮೇಲೆ ಹಾಲು ಉಕ್ಕುವ ಸದ್ದು ಬಂದರೂ ಏಳಲಿಲ್ಲ. ಇಷ್ಟು ವರ್ಷ ಆ ಜಾಕೆಟ್ಟುಗಳ ಮೇಲೆ ಮೂಗು ಮುರಿದವಳು ಈಗ ಒಂದು ಮಾತೂ ಆಡುತ್ತಿರಲಿಲ್ಲ. ಭಾವನಿಗೆ ಅದೇ ತಡೆಯಲಾಗುತ್ತಿರಲಿಲ್ಲ.

"ಏನಾದ್ರೂ ಬೈಯೇ," ಅಂದರು.

"ಬೈತಾ ಎಳೆಯೋಕೆ ನನ್ನ ಕೈಲಾಗಲ್ಲ. ಎರಡರಲ್ಲಿ ಒಂದು ಮಾಡ್ತೀನಿ. ಉಸಿರು ಬಿಗಿ ಹಿಡೀರಿ."

ಮಳೆಗಾಲ ಮುಗಿಯುವ ಹೊತ್ತಿಗೆ ನಾಲ್ಕನೇ ಕೋಣೆಯಲ್ಲಿ ಒಂದು ಘಟನೆಯಾಯಿತು. ಭಾವ ಥರ್ಮಾಮೀಟರ್ ನೋಡಿ ಹೊರಗೆ ಬರಲು ಬಾಗಿಲು ಎಳೆದರು. ಅದು ಜಾರುಬಾಗಿಲು, ಗೇಣು ದಪ್ಪ, ಎರಡೂ ಕೈ ಹಾಕಿ ಮೈಭಾರ ಬಿಟ್ಟು ಎಳೆಯಬೇಕು. ಅವತ್ತು ರಬ್ಬರಿಗೆ ಹಿಮ ಅಂಟಿತ್ತು. ಒಂದು ಕೈಯಲ್ಲಿ ಬರಲಿಲ್ಲ. ಒಳಗಿನ ಗಂಟೆ ಒತ್ತಿದರು. ಲಾರಿ ಶಬ್ದದಲ್ಲಿ ಯಾರಿಗೂ ಕೇಳಿಸಲಿಲ್ಲ. ಎಂಟು ನಿಮಿಷ ಅಲ್ಲಿದ್ದರು. ಆಮೇಲೆ ಹಮಾಲನೊಬ್ಬ ಮೀನಿನ ಪೆಟ್ಟಿಗೆ ಇಡಲೆಂದು ಬಾಗಿಲು ತೆಗೆದ. ಮೈಮೇಲೆ ಕುರಿಯ ಉಣ್ಣೆ ಇತ್ತು, ಏನೂ ಆಗಿರಲಿಲ್ಲ. "ಭಯ ಆಯ್ತಾ ಭಾವ?" ಅಂದೆ. "ಇಲ್ಲ ಕಣೋ. ಕೂತ್ಕೊಳ್ಳೋಣ ಅನ್ನಿಸ್ತು. ಒಂದು ಪೆಟ್ಟಿಗೆ ಮೇಲೆ ಕೂತೇ ಬಿಟ್ಟಿದ್ದೆ. ಅಲ್ಲಿ ಕೂತ್ಕೋಬಾರದು, ಕೂತ್ರೆ ಏಳೋಕಾಗಲ್ಲ ಅಂತ ಮೂವತ್ತು ವರ್ಷದಿಂದ ಎಲ್ಲರಿಗೂ ನಾನೇ ಹೇಳ್ಕೊಡ್ತಿದ್ದೆ," ಅಂದರು.

ಮ್ಯಾನೇಜರ್ ಒಳ್ಳೆಯವರೇ. ಮಾರನೇ ದಿನವೇ ಭಾವನನ್ನು ಗೇಟಿನ ಕೋಣೆಗೆ ಹಾಕಿದರು. ತಗಡಿನ ಮಾಡು, ಒಂದು ಮೇಜು, ಬಂದ ಲಾರಿಯ ನಂಬರ್ ಬರೆದುಕೊಂಡು ಚೀಟಿ ಕೊಡುವ ಕೆಲಸ. ಮಧ್ಯಾಹ್ನ ಒಳಗೆ ಕೂತರೆ ಮೈ ಬೇಯುತ್ತಿತ್ತು. ಜಾಕೆಟ್ ಇರಲಿ, ಬನಿಯನ್ನೇ ಹೆಚ್ಚು. ನಾಲ್ಕನೇ ಕೋಣೆಗೆ ಮೊಟ್ಟೆ ವಿಭಾಗದಲ್ಲಿದ್ದ ನಲವತ್ತರ ಹೆಂಗಸೊಬ್ಬರು ಬಂದರು. ಚುರುಕಾದವರು. ಬಾಗಿಲಿನ ರಬ್ಬರು ನೋಡುವುದು ಹೇಗೆ, ಫ್ಯಾನಿನ ಸದ್ದು ಬದಲಾದರೆ ಏನರ್ಥ, ಎಲ್ಲ ಭಾವ ಹೇಳಿಕೊಟ್ಟರು. ಎರಡು ವಾರವಾದ ಮೇಲೆ, ಒಂದು ಶುಕ್ರವಾರ, ಆ ಕುರಿಯ ಉಣ್ಣೆಯ ಜಾಕೆಟ್ಟನ್ನು ಬಟ್ಟೆಚೀಲದಲ್ಲಿ ತುಂಬಿಕೊಂಡು ಹೋಗಿ ಅವರ ಮುಂದೆ ಇಟ್ಟರು.

"ಇದು ಈ ಕೋಣೇದು. ನೀವು ಇಟ್ಕೊಳ್ಳಿ."

ಆ ಹೆಂಗಸು ಒಂದು ಕೈಯಲ್ಲಿ ಎತ್ತಿ ನೋಡಿದರು. "ಇಷ್ಟು ಭಾರ ಹೊತ್ಕೊಂಡು ಪೆಟ್ಟಿಗೆ ಬೇರೆ ಎತ್ಬೇಕಾ ಸಾರ್? ಬೇಡ, ತಪ್ಪು ತಿಳ್ಕೋಬೇಡಿ. ಕಂಪನಿಯವರು ಈ ವರ್ಷ ಹೊಸ ಕೋಟು ಕೊಟ್ಟಿದಾರಲ್ಲ." ಗೂಟದಲ್ಲಿದ್ದ ಕಿತ್ತಳೆ ಬಣ್ಣದ ನೈಲಾನ್ ಕೋಟು ತೆಗೆದು ಭಾವನ ಕೈಗಿಟ್ಟರು. ದಿಂಬಿನಷ್ಟು ಹಗುರ. "ಹಾಕ್ಕೊಂಡು ಒಂದ್ಸಲ ಒಳಗೆ ಹೋಗಿ ಬನ್ನಿ, ನೋಡಿ."

ಭಾವ ಎಡಭುಜದ ಮೇಲೆ ಹೊದ್ದುಕೊಂಡು ಹೋಗಿ ಬಂದರು. ನನಗೆ ಆಮೇಲೆ ಹೇಳಿದ್ದು ಇಷ್ಟೇ: "ನಂದಕ್ಕಿಂತ ಬೆಚ್ಚಗಿತ್ತು."

ಅವತ್ತೇ ಸಂಜೆ ನಾಲ್ಕಕ್ಕೆ ಅವರಿಗೆ ಆಸ್ಪತ್ರೆಯಲ್ಲಿ ವ್ಯಾಯಾಮದ ಸರದಿ. ವಾರಕ್ಕೆ ಮೂರು ದಿನ, ನೆಲಮಾಳಿಗೆಯ ಒಂದು ದೊಡ್ಡ ಕೋಣೆಯಲ್ಲಿ. ನಾನು ಶಾಲೆ ಮುಗಿಸಿ ಅಲ್ಲಿಗೇ ಹೋಗುತ್ತಿದ್ದೆ. ಬಟ್ಟೆಚೀಲ ಹಿಡಿದುಕೊಂಡು ಭಾವ ಮೆಟ್ಟಿಲಿಳಿದು ಬಂದು, ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತರು. ಎದುರಿಗೆ ಬಾಗಿಲ ಚೌಕಟ್ಟಿಗೆ ಎರಡು ರಾಟೆ ಬಿಗಿದಿದ್ದರು. ಒಳ್ಳೆಯ ಕೈಯಲ್ಲಿ ಹಗ್ಗ ಎಳೆದರೆ ಕೆಟ್ಟ ಕೈ ಮೇಲೇಳಬೇಕು. ಸರದಿ ಬಂದಾಗ ಭಾವ ಚೀಲವನ್ನು ಕುರ್ಚಿಯ ಮೇಲಿಟ್ಟು ಒಂದು ರಾಟೆ ಹಿಡಿದರು, ಇನ್ನೊಂದರಲ್ಲಿ ಎಂಬತ್ತು ದಾಟಿದ ಒಬ್ಬ ಮುದುಕರು. ಬಾವಿಯಿಲ್ಲದೆ ನೀರು ಸೇದುವವರ ಹಾಗೆ ಇಬ್ಬರೂ ಸುಮ್ಮನೆ ಎಳೆಯುತ್ತಿದ್ದರು.

ಮುದುಕರ ಕಣ್ಣು ಚೀಲದ ಮೇಲೆ ಬಿತ್ತು. ಬಾಯಿ ತೆರೆದಿದ್ದ ಚೀಲದಿಂದ ಉಣ್ಣೆಯ ಕಾಲರು ಹೊರಗೆ ಕಾಣುತ್ತಿತ್ತು.

"ಅದು ನಿಮ್ದಾ?" ಅಂದರು.

"ಹೂಂ. ನಕಲು. ನಾನು ಮಿಲಿಟರಿಯವನಲ್ಲ. ಕೋಲ್ಡ್ ಸ್ಟೋರೇಜು," ಅಂದರು ಭಾವ, ಕೇಳುವ ಮೊದಲೇ ಎಲ್ಲವನ್ನೂ ಒಂದೇ ಉಸಿರಿಗೆ.

"ನಾನು ಇದ್ದೆ," ಅಂದರು ಮುದುಕರು. "ಹಾರೋನಲ್ಲ. ಎಂಜಿನ್ ರಿಪೇರಿ. ನಾವು ಚಳೀಲಿ ಬಯಲಲ್ಲೇ ನಿಂತು ಕೆಲಸ ಮಾಡ್ಬೇಕಿತ್ತು. ಯುದ್ಧದಲ್ಲಿ ಮಿಕ್ಕಿದ್ದು ಅಂತ ಇಂಥದ್ದೇ ಹಂಚಿದ್ರು. ನಾಲ್ಕು ಚಳಿಗಾಲ ಹಾಕಿದೀನಿ."

ಭಾವನ ಕೈಯ ಹಗ್ಗ ನಿಂತಿತು. ಇಪ್ಪತ್ತು ವರ್ಷ ಜಾಕೆಟ್ಟುಗಳ ಬೆನ್ನು ಹತ್ತಿದ್ದರೂ, ನಿಜವಾದದ್ದನ್ನು ಮೈಮೇಲೆ ಹಾಕಿಕೊಂಡಿದ್ದ ಮನುಷ್ಯನನ್ನು ಅವರು ನೋಡಿದ್ದು ಅದೇ ಮೊದಲು.

"ಅದು ಈಗ ಎಲ್ಲಿದೆ?"

"ಸೈಕಲ್ಲಿಗೆ ಬದಲು ಕೊಟ್ಬಿಟ್ಟೆ. ಒಳ್ಳೇ ಸೈಕಲ್ಲು." ಮುದುಕರು ಹಗ್ಗ ಬಿಟ್ಟು ಹತ್ತಿರ ಬಂದರು. "ಒಂದ್ಸಲ ಹಾಕ್ಕೊಳ್ಲಾ?"

ಆಗ ನಡೆದದ್ದನ್ನು ನೆನೆಸಿಕೊಂಡರೆ ಈಗಲೂ ನನಗೆ ನಗು ಬರುತ್ತದೆ. ಮುದುಕರಿಗೆ ಎಡಭುಜ ಹಿಡಿದಿತ್ತು, ಭಾವನಿಗೆ ಬಲಭುಜ. ಭಾವ ಜಾಕೆಟ್ಟನ್ನು ಎಡಗೈಯಲ್ಲಿ ಎತ್ತಿ ಹಿಡಿದರೆ ಅದರ ಬಲತೋಳು ನೆಲ ಗುಡಿಸುತ್ತಿತ್ತು. ಮುದುಕರು ಎಡಗೈ ಹಿಂದಕ್ಕೆ ಹಾಕಲಾರದೆ ತಮ್ಮ ಸುತ್ತಲೇ ತಿರುಗಿದರು. ಅವರ ಹಿಂದೆ ಭಾವ ತಿರುಗಿದರು. ನಾನು ಎದ್ದು ಹೋಗುವಷ್ಟರಲ್ಲಿ ವ್ಯಾಯಾಮ ಮಾಡಿಸುವ ಹುಡುಗಿ ಬಂದಳು.

"ಇಬ್ರೂ ಸೇರಿದ್ರೆ ಒಂದು ಮನುಷ್ಯನಷ್ಟು ಕೈ ಇಲ್ಲ. ಏನ್ ಮಾಡ್ತಿದೀರಾ? ಭಾರ ಎತ್ಬಾರದು ಅಂದಿಲ್ವಾ ನಾನು?"

"ನೋಯೋ ಕೈ ಮೊದಲು," ಅಂದರು ಭಾವ ಅವಳಿಗೆ. "ಕೆಳಗಿಂದ ಏರಿಸಿ. ನಮ್ಮ ಮನೆಯವಳು ಹಾಗೇ ಮಾಡೋದು."

ಅವಳು ಗೊಣಗುತ್ತಲೇ ಹಾಗೆ ಮಾಡಿದಳು. ಮುದುಕರ ತೆಳ್ಳಗಿನ ಮೈಗೆ ಜಾಕೆಟ್ ಎಲ್ಲಿಯೂ ತಾಗುತ್ತಿರಲಿಲ್ಲ, ಭುಜದ ಮೇಲೆ ಮಾತ್ರ ಕೂತಿತ್ತು. ಕಾಲರನ್ನು ಎತ್ತಿ ಗದ್ದಕ್ಕೆ ತಾಗಿಸಿಕೊಂಡರು. ಕಣ್ಣು ಮುಚ್ಚಿದರು. ಭಾವ ಎದುರಿಗೆ ಬಾಗಿಕೊಂಡು ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುವವರ ಹಾಗೆ ನಿಂತಿದ್ದರು. ಮುದುಕರು ಚರ್ಮದ ಬಗ್ಗೆ, ದಾರದ ಬಗ್ಗೆ, ಚೀಟಿಯ ಬಗ್ಗೆ ಏನೂ ಹೇಳಲಿಲ್ಲ. "ಅದೇ ಭಾರ," ಅಂದರು. ಆಮೇಲೆ, "ತೆಗೀರಿ ಸಾಕು."

ತೆಗೆದ ಮೇಲೆ ಕುರ್ಚಿಯಲ್ಲಿ ಕೂತು ತುಂಬಾ ಹೊತ್ತು ಭುಜ ನೀವಿಕೊಂಡರು. "ಬೇಜಾರು ಮಾಡ್ಕೋಬೇಡಿ. ಚೆನ್ನಾಗಿದೆ. ಆದ್ರೆ ನಾವು ಯಾರೂ ಅದನ್ನ ಇಷ್ಟಪಟ್ಟು ಹಾಕ್ಕೋತಿರಲಿಲ್ಲ. ಬೆಳಿಗ್ಗೆ ಎದ್ದು ಅದನ್ನ ನೋಡಿದ್ರೆ ಇವತ್ತೂ ಹೋಗ್ಬೇಕಲ್ಲ ಅನ್ನಿಸೋದು."

"ನನಗೂ ಹಾಗೇ ಅನ್ನಿಸ್ತಿತ್ತು," ಅಂದರು ಭಾವ.

ಬಸ್ಸಿನಲ್ಲಿ ಮನೆಗೆ ಬರುವಾಗ ಚೀಲ ನಾನು ಹಿಡಿದುಕೊಂಡಿದ್ದೆ. ಮನೆಗೆ ಬಂದು ಚಪ್ಪಲಿ ಬಿಚ್ಚುತ್ತಾ ಅಕ್ಕನಿಗೆ, "ಅದೇ ಭಾರವಂತೆ. ನಿಜವಾಗಿ ಹಾಕಿದ್ದವರು ಹೇಳಿದ್ರು," ಅಂದರು. ಅಕ್ಕ ಮಿಷನ್ನಿನಿಂದ ತಲೆ ಎತ್ತಲಿಲ್ಲ. "ನಾನು ಎಂಟು ತಿಂಗಳು ದಿನಾ ಎತ್ತಿ ಹಾಕಿದೀನಿ. ನನ್ನ ಕೇಳಿದ್ರೆ ನಾನೇ ಹೇಳ್ತಿದ್ದೆ," ಅಂದಳು.

ಆ ಚಳಿಗಾಲದ ಆರಂಭದಲ್ಲಿ ಭಾವ ಯಾವ ಜಾಕೆಟ್ಟನ್ನೂ ಮುಟ್ಟಲಿಲ್ಲ. ಬೆಳಿಗ್ಗೆ ಶಾಲು ಹೊದ್ದು ಬಸ್ಸಿಗೆ ಹೋಗುತ್ತಿದ್ದರು. ಶಾಲಿನಲ್ಲಿ ಅವರನ್ನು ನೋಡಿದರೆ ಯಾರದೋ ಮನೆಯ ಮುದುಕನ ಹಾಗೆ ಕಾಣುತ್ತಿದ್ದರು. ಯಾರೂ ಏನೂ ಕೇಳುತ್ತಿರಲಿಲ್ಲ. ಕೇಳದಿದ್ದದ್ದು ಅವರಿಗೆ ಹಾಯೆನಿಸಿತೋ ನೋವಾಯಿತೋ ನಾನು ಕೆದಕಲಿಲ್ಲ. ತಿಂಗಳಾದ ಮೇಲೆ ಅಕ್ಕ ಒಂದು ಭಾನುವಾರ ನನಗೆ ಫೋನ್ ಮಾಡಿ ಬಾ ಅಂದಳು. ಹೋದರೆ ನಡುಮನೆಯ ಮೇಜಿನ ಮೇಲೆ ಕುದುರೆ ಚರ್ಮದ ಜಾಕೆಟ್ ಅಂಗಾತ ಮಲಗಿತ್ತು. ಒಂಬತ್ತರಲ್ಲಿ ಅತ್ಯಂತ ಸರಿಯಾದ ನಕಲು ಅದು, ಹನ್ನೊಂದು ವರ್ಷ ಮೈಮೇಲಿದ್ದದ್ದು. ಅಕ್ಕನ ಕೈಯಲ್ಲಿ ಸೀಮೆಸುಣ್ಣ.

"ಕಂಕುಳು ಬಿಚ್ಚಿ ಒಂದು ತುಂಡು ಕೂರಿಸಿದ್ರೆ ತೋಳು ಸಡಿಲ ಆಗುತ್ತೆ," ಅಂದಳು. "ಯೂನಿಫಾರಂಗೆ ನಾನು ಮಾಡ್ತೀನಿ, ಬೆಳೆಯೋ ಮಕ್ಕಳಿಗೆ. ಇದು ನನ್ನ ಮಿಷನ್ನಿಗೆ ಆಗಲ್ಲ. ಗುರುತು ಹಾಕಿ ಕೊಟ್ರೆ ಚೀಲದ ಮೇಷ್ಟ್ರು ಹೊಲೀತಾರಂತೆ, ಕೇಳಿದೀನಿ."

ಭಾವ ಮೇಜಿನ ಆಚೆ ನಿಂತಿದ್ದರು. "ಅಂಥದ್ದು ಯಾವ ಎ-ಟೂನಲ್ಲೂ ಇರಲಿಲ್ಲ ಕಣೇ."

"ಗೊತ್ತು."

"ಮತ್ತೆ ಅದು ಯಾವುದರ ನಕಲೂ ಆಗಲ್ಲ."

"ನೀವೇ ಹಾಕ್ಕೊಳ್ಳೋ ಹಾಗಾಗುತ್ತೆ. ನನಗೆ ಮೊಣಕಾಲು ನೋವು ರೀ. ನಾನೂ ಮನುಷ್ಯಳೇ. ಕತ್ತರಿಸಲಾ, ಬೇಡ್ವಾ, ಹೇಳಿ."

ಅಕ್ಕ ಅದನ್ನು ಜಗಳದ ದನಿಯಲ್ಲಿ ಹೇಳಲಿಲ್ಲ. ಭಾವ ಅವಳ ಮೊಣಕಾಲನ್ನು ಆವತ್ತೇ ಮೊದಲು ಕಂಡವರ ಹಾಗೆ ನೋಡಿದರು. ಜಾಕೆಟ್ಟಿನ ಮೊಣಕೈಯ ಮಡಿಕೆಗಳ ಮೇಲೆ ಒಮ್ಮೆ ಕೈಯಾಡಿಸಿದರು. ಆಮೇಲೆ ಕತ್ತರಿಯನ್ನು ತಾವೇ ಎತ್ತಿ ಅಕ್ಕನ ಕಡೆ ಸರಿಸಿ, ಹಿತ್ತಲಿಗೆ ಹೋಗಿ ನಿಂತರು. ಚರ್ಮ ಕತ್ತರಿಸುವ ಸದ್ದು ಅಲ್ಲಿಗೂ ಕೇಳಿಸಿರಬೇಕು.

ಮೇಷ್ಟ್ರು ನಾಲ್ಕು ದಿನ ತೆಗೆದುಕೊಂಡರು. ಚರ್ಮದ ಬಣ್ಣ ಪೂರ್ತಿ ಹೊಂದಲಿಲ್ಲ, ಕೈಯೆತ್ತಿದರೆ ಕಂಕುಳಲ್ಲಿ ಬೇರೆ ಕಂದು ಕಾಣುತ್ತಿತ್ತು. ಹೇಗೂ ಕೈ ಅಷ್ಟೊಂದು ಏಳುತ್ತಿರಲಿಲ್ಲ. ಭಾವ ಕನ್ನಡಿಯ ಮುಂದೆ ನಿಂತು ಒಬ್ಬರೇ ತೊಟ್ಟರು, ಒಬ್ಬರೇ ಬಿಚ್ಚಿದರು. ಮತ್ತೊಂದು ಸಲ ಮಾಡಿದರು. ಅಕ್ಕ ಒಳಗೆ ಹೋಗಿ ಹಗಲು ಹೊತ್ತಿನಲ್ಲೇ ಮಲಗಿಬಿಟ್ಟಳು, ಸಂಜೆಯವರೆಗೆ ಏಳಲಿಲ್ಲ.

ಭುಜ ಡಾಕ್ಟರು ಹೇಳಿದ ಹಾಗೆ ಎರಡನೇ ವರ್ಷದಲ್ಲಿ ಬಿಟ್ಟಿತು, ಪೂರ್ತಿ ಅಲ್ಲ. ಕೈ ಕಿವಿಯವರೆಗೆ ಹೋಗುತ್ತದೆ, ಅಲ್ಲಿಗೆ ನಿಲ್ಲುತ್ತದೆ. ಅಷ್ಟರಲ್ಲಿ ಭಾವನಿಗೆ ನಿವೃತ್ತಿಯಾಯಿತು. ಕಟ್ಟೆಯ ಮೇಲೆ ಸಣ್ಣ ಸಮಾರಂಭ. ಮ್ಯಾನೇಜರ್ ಭಾಷಣದಲ್ಲಿ ಅವರ ನಿಜವಾದ ಹೆಸರು ಹೇಳಿದಾಗ ಅರ್ಧ ಜನಕ್ಕೆ ಯಾರೆಂದು ತಿಳಿಯಲಿಲ್ಲ. ಹೋದ ವರ್ಷ ದೂರದ ಊರಿನಿಂದ ಒಬ್ಬ ಜಾಕೆಟ್ ಸಂಗ್ರಹಕಾರ ಬಂದು ದುಡ್ಡು ಕೊಟ್ಟು ಏಳನ್ನು ತೆಗೆದುಕೊಂಡು ಹೋದ, ಕುರಿಯ ಉಣ್ಣೆಯದೂ ಸೇರಿ. ಒಳ್ಳೆಯ ಹುಮ್ಮಸ್ಸಿನ ಮನುಷ್ಯ. ಒಂದೊಂದನ್ನೂ ಬೆಳಕಿಗೆ ಹಿಡಿದು ಕಣ್ಣರಳಿಸುತ್ತಿದ್ದ. ಕುದುರೆ ಚರ್ಮದ್ದನ್ನು ಎತ್ತಿ, ಕಂಕುಳು ನೋಡಿ, "ಅಯ್ಯೋ, ಇದನ್ನ ಹಾಳು ಮಾಡಿಬಿಟ್ರಲ್ಲ ಸಾರ್. ಯಾರು ಹೀಗೆ ಮಾಡಿದ್ದು?" ಅಂದ.

"ನಾವೇ," ಅಂದರು ಭಾವ. "ಅದು ಕೊಡೋದಲ್ಲ."

ಈಗ ಸಲಾಕೆಯಲ್ಲಿ ಎರಡು ಉಳಿದಿವೆ. ಮಿಕ್ಕ ಜಾಗದಲ್ಲಿ ಅಕ್ಕ ಇಸ್ತ್ರಿ ಮಾಡಿದ ಯೂನಿಫಾರಂಗಳನ್ನು ನೇತುಹಾಕುತ್ತಾಳೆ. ಈಚೆಗೆ ಅವಳೂ ಕೆಲಸ ಕಮ್ಮಿ ಮಾಡಿದ್ದಾಳೆ. ಸೂಜಿಗೆ ದಾರ ಪೋಣಿಸಲು ಭಾವನನ್ನು ಕರೆಯುತ್ತಾಳೆ, ಭಾವನಿಗೂ ಕಾಣುವುದಿಲ್ಲ, ನಾನು ಹೋದ ದಿನ ಐದಾರು ಸೂಜಿಗೆ ಪೋಣಿಸಿಟ್ಟು ಬರುತ್ತೇನೆ. ಕಳೆದ ವಾರ ಹೋದಾಗ ಭಾವ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದರು. ಅಷ್ಟು ವರ್ಷ ಕೂಡಿಹಾಕಿದ್ದು ಹೋಯಿತಲ್ಲ, ಬೇಜಾರಾಗುವುದಿಲ್ಲವೇ ಅಂತ ಕೇಳಿದೆ.

"ಆಗುತ್ತೆ," ಅಂದರು. "ಆದ್ರೆ ಬೇಜಾರು ಮಾಡ್ಕೊಳ್ಳೋಕೂ ಸ್ವಲ್ಪ ತ್ರಾಣ ಬೇಕಲ್ವೇನೋ. ಸಂಜೆ ಮಾಡ್ಕೋತೀನಿ ಬಿಡು."

ಸಂಜೆಯವರೆಗೂ ನಾನು ಅಲ್ಲೇ ಇದ್ದೆ. ಭಾವ ಎದ್ದು ಮುಖ ತೊಳೆದುಕೊಂಡು, ಅಕ್ಕ ಕೊಟ್ಟ ಚೀಟಿ ಹಿಡಿದು ಔಷಧಿ ಅಂಗಡಿಗೆ ಹೊರಟರು.